ಹೊಕ್ಕುಳಬಳ್ಳಿಯ ರಕ್ತಕ್ಕೆ ಐದು ಗಡಿಗೆ

ಅಥವಾ ಆ ಡಬ್ಬಿ ನೀಲಿಯಾಗಿರಲಿಲ್ಲವೇನೋ. ಇಷ್ಟು ವರ್ಷ ಯಾರು ಕೇಳಿದರೂ ನೀಲಿ ಡಬ್ಬಿ ಎಂದೇ ಹೇಳುತ್ತ ಬಂದಿದ್ದೇನೆ. ಲಸಿಕೆ ಸಾಗಿಸುವ ಡಬ್ಬಿಗಳು ಸಾಮಾನ್ಯವಾಗಿ ನೀಲಿ ಇರುವುದರಿಂದ ನನ್ನ ನೆನಪು ಇದಕ್ಕೂ ಅದೇ ಬಣ್ಣ ಬಳಿದಿರಬಹುದು. ರಕ್ತದ ಮೊದಲ ಚೀಲ ಹಡಗಲಿಯಿಂದ ಬಂತೋ ಹಗರಿಬೊಮ್ಮನಹಳ್ಳಿಯಿಂದ ಬಂತೋ ಎಂಬುದೂ ಖಚಿತವಿಲ್ಲ. ಹೇಳುವಾಗ ಹಡಗಲಿ ಎನ್ನುತ್ತೇನೆ. ಮಲ್ಲಿಗೆಯ ಊರು, ಕೇಳುವವರಿಗೆ ಹಿಡಿಸುತ್ತದೆ. ನಿಜವಾಗಿ ಗೊತ್ತಿರುವುದು ಇಷ್ಟೇ: ಮುಚ್ಚಳ ತೆಗೆದಾಗ ಒಳಗೆ ಕೈ ಕೊರೆಯುವಷ್ಟು ತಣ್ಣಗಿತ್ತು, ಅಷ್ಟು ತಣ್ಣಗಿರಬಾರದಿತ್ತು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಾನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿ. ಮಗು ಹುಟ್ಟಿದ ಮೇಲೆ ಹೊಕ್ಕುಳಬಳ್ಳಿಯಲ್ಲಿ ಮತ್ತು ಕಸದಲ್ಲಿ ಒಂದಿಷ್ಟು ರಕ್ತ ಉಳಿದಿರುತ್ತದೆ. ಹೆರಿಗೆಯ ನಂತರ ಹೊರಬೀಳುವ ಮಾಸಕ್ಕೆ ನಮ್ಮ ಕಡೆ ಕಸ ಎನ್ನುತ್ತಾರೆ. ಆ ರಕ್ತದಲ್ಲಿ ಇನ್ನೂ ಏನೂ ಆಗಿರದ ಕೆಲವು ಕೋಶಗಳಿರುತ್ತವೆ. ಅವಕ್ಕೆ ಇಲ್ಲಿ ಎಳೆಕೋಶ ಎನ್ನುತ್ತೇನೆ. ಎಳೆಕೋಶ ಮುಂದೆ ಕೆಂಪು ಕಣವಾಗಬಹುದು, ಕೊಳೆ ನುಂಗುವ ಕೋಶವಾಗಬಹುದು, ಇಲ್ಲವೆ ಕೆಟ್ಟುಹೋದ ಕೋಶವನ್ನು ಗುರುತು ಹಿಡಿದು ಕೊಲ್ಲುವ ಕಾವಲುಕೋಶವಾಗಬಹುದು. ಅದು ಕಾವಲುಕೋಶವಾಗುವ ದಾರಿಯನ್ನು ತಟ್ಟೆಯೊಳಗೆ ಬೆಳೆಸಿ ನೋಡುವುದು ನನ್ನ ಕೆಲಸ.

ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಬಳ್ಳಿರಕ್ತ ಆಗಲೇ ಬೇರೆ ತಂಡಗಳಿಗೆ ಹೋಗುತ್ತಿತ್ತು. ನಾನು ತಂಬ್ರಹಳ್ಳಿಯವನು. ನಮ್ಮ ಕಡೆಯ ಆಸ್ಪತ್ರೆಗಳಿವೆ, ಅಲ್ಲಿಂದ ತರುತ್ತೇನೆ ಎಂದೆ. ಪ್ರಯೋಗಾಲಯದ ಮುಖ್ಯಸ್ಥೆಯನ್ನು ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಅವರು ಭೂಪಟದ ಮುಂದೆ ನಿಂತು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಮೇಲೆ ಬೆರಳಿಟ್ಟು ನೋಡಿದರು. ಆಗ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಸೇರಿತ್ತು, ಉಳಿದವು ಬಳ್ಳಾರಿಗೆ. ಎರಡು ಜಿಲ್ಲೆಗಳ ಅನುಮತಿಗೆ ಅಲೆದದ್ದನ್ನು ಬರೆಯುವುದಿಲ್ಲ.

ಮೇಡಂ ಹೇಳಿದ್ದು ಮಾತ್ರ ಚೆನ್ನಾಗಿ ನೆನಪಿದೆ. "ಎಳೆಕೋಶ ಬೆಳೆಸುವ ಪ್ರೋಟೀನು ನಮ್ಮಲ್ಲಿರುವುದು ಇದೊಂದೇ ಖೇಪು. ಇದು ಮುಗಿಯುವುದರೊಳಗೆ ಒಂದು ಸಲವಾದರೂ ಕಾವಲುಕೋಶ ಬೆಳೆಯಬೇಕು, ಅದು ಕೊಲ್ಲುತ್ತದೆ ಅಂತ ತೋರಿಸಬೇಕು. ಆಗದಿದ್ದರೆ ನಿನ್ನ ಊರಿನ ರಕ್ತವೂ ಬೇಡ, ಈ ಪ್ರಶ್ನೆಯೂ ಬೇಡ. ಇಲಿಗಳ ಕೆಲಸಕ್ಕೆ ಬಂದುಬಿಡು."

ಒಪ್ಪಿದೆ. ಒಪ್ಪುವಾಗ ಊರಿನ ಬೇಸಿಗೆ ನೆನಪಾಗಿರಲಿಲ್ಲ.

ರಕ್ತ ಹಿಡಿಯುವ ಕ್ರಮ ಕಷ್ಟದ್ದಲ್ಲ. ಮಗು ಹೊರಬಂದ ಮೇಲೆ ಬಳ್ಳಿಗೆ ಮಗುವಿನ ಕಡೆ ಒಂದು ಕ್ಲಿಪ್, ಕಸದ ಕಡೆ ಒಂದು ಕ್ಲಿಪ್ ಹಾಕಿ ನಡುವೆ ಕತ್ತರಿಸುತ್ತಾರೆ. ಮಗುವನ್ನು ಒರೆಸಿ ತಾಯಿಯ ಪಕ್ಕಕ್ಕೆ ಕೊಟ್ಟಾದ ಮೇಲೆ ನಮ್ಮ ಸರದಿ. ಕಸ ಇನ್ನೂ ಒಳಗಿರುವಾಗಲೇ ಬಳ್ಳಿಯನ್ನು ಸ್ಪಿರಿಟ್ಟಿನಿಂದ ಒರೆಸಿ, ಅದರ ದಪ್ಪ ನಾಳಕ್ಕೆ ಸೂಜಿ ಚುಚ್ಚಿ, ಹೆಪ್ಪುಗಟ್ಟದಂತೆ ಮದ್ದು ಹಾಕಿದ ಚೀಲವನ್ನು ಮಂಚದ ಕೆಳಗೆ ಇಳಿಬಿಟ್ಟರೆ ರಕ್ತ ತಾನೇ ಇಳಿಯುತ್ತದೆ. ಚೀಲದ ಮೇಲೆ ಹೆಸರು ಬರೆಯುವಂತಿಲ್ಲ, ಊರಿನ ಗುರುತಷ್ಟೇ. ಸಂಜೆಯ ಬಸ್ಸಿಗೆ ಕೊಟ್ಟರೆ ಬೆಳಿಗ್ಗೆ ನಾನು ಬೆಂಗಳೂರಿನ ನಿಲ್ದಾಣದಲ್ಲಿ ಇಳಿಸಿಕೊಳ್ಳುತ್ತಿದ್ದೆ.

ಮೊದಲು ಬಂದ ಚೀಲಗಳು ಒಂದೂ ಉಳಿಯಲಿಲ್ಲ. ರಕ್ತವನ್ನು ಯಂತ್ರದಲ್ಲಿ ಗಿರ್ರನೆ ತಿರುಗಿಸಿದಾಗ ಮೇಲೆ ಹುಲ್ಲಿನ ಬಣ್ಣದ ತಿಳಿ ನಿಲ್ಲಬೇಕು. ಇಲ್ಲಿ ತಿಳಿಯೇ ಕೆಂಪಾಗಿತ್ತು, ಎಂದರೆ ಕಣಗಳು ಒಡೆದಿದ್ದವು. ಸತ್ತ ಕೋಶ ಮಾತ್ರ ಹೀರುವ ನೀಲಿ ಬಣ್ಣವೊಂದಿದೆ. ಅದನ್ನು ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲ್ಲೆಲ್ಲೂ ನೀಲಿ. (ಡಬ್ಬಿಯ ನೀಲಿ ಇಲ್ಲಿಂದಲೇ ನನ್ನ ತಲೆಗೆ ಹೋಗಿರಬಹುದು.) ಸಿಕ್ಕ ಬೆರಳೆಣಿಕೆಯ ಎಳೆಕೋಶಗಳಿಗೆ ಪ್ರೋಟೀನು ಉಣಿಸಿದೆ. ಅವು ಬೆಳೆಯಲಿಲ್ಲ. ಪ್ರೋಟೀನು ಕರಗುತ್ತ ಬಂತು. ಇಲಿಗಳ ಕೋಣೆಯ ಗೆಳೆಯ, "ನಿನಗೊಂದು ಸ್ಟೂಲ್ ಹಾಕಿಟ್ಟಿದ್ದೇನೆ" ಎಂದ.

ಊರಿಗೆ ಹೋದೆ. ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಯ ಹೆರಿಗೆ ವಾರ್ಡಿನ ಹಿರಿಯ ಸಿಸ್ಟರ್ ನಮ್ಮ ಕೆಲಸವನ್ನು ತಮ್ಮದೆಂದೇ ಮಾಡುತ್ತಿದ್ದವರು. ಅವರು ಚೀಲ ಕಟ್ಟುವುದನ್ನು ಪಕ್ಕದಲ್ಲಿ ನಿಂತು ನೋಡಿದೆ. ಫ್ರೀಜರಿನಿಂದ ಕಲ್ಲಿನಂತೆ ಹೆಪ್ಪುಗಟ್ಟಿದ ಐಸ್ ಪ್ಯಾಕುಗಳನ್ನು ತೆಗೆದು ಲಸಿಕೆಯ ಡಬ್ಬಿಯ ನಾಲ್ಕೂ ಬದಿಗೆ ನಿಲ್ಲಿಸಿ, ರಕ್ತದ ಚೀಲವನ್ನು ಅವುಗಳ ನಡುವೆ ಒತ್ತಿ ಕೂರಿಸಿದರು.

"ಐಸ್ ಯಾರು ಹಾಕಂದ್ರು ಸಿಸ್ಟರ್?"

"ಯಾರು ಅನಬೇಕು? ಪೋಲಿಯೋ ಭಾನುವಾರ ಐಸ್ ಇಲ್ಲದ ಒಂದು ಡಬ್ಬಿ ಹೊರಗ ಹೋದ್ರ ನಮ್ಮನ್ನ ಹುರದು ತಿಂತಾರ. ಎರಡು ಹನಿಗೇ ಅಷ್ಟು, ಇದು ರಕ್ತ."

"ನಾವು ಬರದು ಕೊಟ್ಟ ಹಾಳ್ಯಾಗ ರೂಮ್ ಟೆಂಪರೇಚರ್ ಅಂತ ಐತಲ್ರಿ."

"ಯಾವ ರೂಮ್ ಸಾರ್? ಡಾಕ್ಟರ್ ರೂಮಿನ್ಯಾಗ ಕೂಲರ್ ಐತಿ. ಲೇಬರ್ ರೂಮಿನ್ಯಾಗ ಫ್ಯಾನ್ ತಿರಗತೈತಿ, ಗಾಳಿ ಬರಂಗಿಲ್ಲ. ಔಷಧಿ ರೂಮಿನ್ಯಾಗ ಕ್ಯಾಂಡಲ್ ಬಗ್ಗಿ ಬಿದ್ದೈತಿ, ನೋಡಿ ಬರ್ರಿ."

ಐದೂ ಆಸ್ಪತ್ರೆಗಳಲ್ಲಿ ಇದೇ ನಡೆದಿತ್ತು. ವರ್ಷಗಟ್ಟಲೆ ಪೋಲಿಯೋ ಹನಿಯನ್ನು ತಂಪಿನಲ್ಲಿ ಕಾಪಾಡಿ ಕಾಪಾಡಿ ಅವರ ಕೈಗಳು ಬೇರೆ ರೀತಿ ಕಟ್ಟುವುದನ್ನೇ ಮರೆತಿದ್ದವು. ಅಷ್ಟು ಜೋಪಾನ ಮಾಡಿದ್ದಕ್ಕೇ ಕಣಗಳು ಒಡೆದಿದ್ದವು.

ಐಸ್ ಬಿಡಿಸಿದೆ. ಮುಂದಿನ ಚೀಲ ಕೂಡ್ಲಿಗಿಯಿಂದ ಬರಿಯ ಡಬ್ಬಿಯಲ್ಲಿ ಹೊರಟಿತು. ರಾತ್ರಿ ದಾರಿಯಲ್ಲಿ ಬಸ್ಸು ಕೆಟ್ಟು, ಮರುದಿನ ಬಿಸಿಲೇರಿದರೂ ಅಲ್ಲೇ ನಿಂತಿತ್ತಂತೆ. ಅದೂ ಸತ್ತು ಬಂತು. ಈಗ ನನ್ನ ಬಳಿ ಉಳಿದದ್ದು ಇನ್ನೊಂದೇ ಒಂದು ಸಲಕ್ಕೆ ಸಾಕಾಗುವಷ್ಟು ಪ್ರೋಟೀನು.

ಮತ್ತೆ ಅದೇ ವಾರ್ಡು. ವರಾಂಡದ ಮೂಲೆಯಲ್ಲಿ ಮರಳಿನ ಮೇಲೆ ಕುಡಿಯುವ ನೀರಿನ ಗಡಿಗೆ ಇಟ್ಟಿದ್ದರು. ಒಂದು ಲೋಟ ಕುಡಿದೆ, ಇನ್ನೊಂದು ಕುಡಿದೆ. ಆಮೇಲೆ ಜೇಬಿನಲ್ಲಿದ್ದ ಉಷ್ಣಮಾಪಕವನ್ನು ಗಡಿಗೆಯೊಳಗೆ ಇಳಿಬಿಟ್ಟೆ. ನಮಗೆ ಬೇಕಾದದ್ದು ಹೆಚ್ಚುಕಡಿಮೆ ಅಷ್ಟೇ ತಂಪು.

"ಸಾರ್, ಅದು ಬಾಣಂತ್ಯಾರು ಕುಡಿಯೋ ನೀರು," ಸಿಸ್ಟರ್ ಕೂಗಿದರು. "ನಿಮ್ಮ ಕಡ್ಡಿ ಯಾವ ರಕ್ತದಾಗ ಮುಳುಗಿ ಬಂದೈತೋ ಏನೋ. ತಗೀರಿ ಮೊದಲ."

ಗಡಿಗೆಯನ್ನು ಚೆಲ್ಲಿಸಿದರು, ತೊಳೆಸಿದರು, ಹೊಸ ನೀರು ತುಂಬಿಸಿದರು. ಅಷ್ಟೂ ಹೊತ್ತು ಬೈದರು. ನಾನು ಖುಷಿಯಲ್ಲಿದ್ದೆ. ಐಸ್ ಪ್ಯಾಕ್ ಎಂದರೆ ನೀರು ತುಂಬಿದ ಪ್ಲಾಸ್ಟಿಕ್ ಪೆಟ್ಟಿಗೆ. ಅದನ್ನು ಫ್ರೀಜರಿನಲ್ಲಿಡದೆ ಗಡಿಗೆಯ ನೀರಿನಲ್ಲಿ ಮುಳುಗಿಸಿಟ್ಟರೆ? ಡಬ್ಬಿಯೊಳಗೆ ಆ ತಂಪು ಬೆಳಗಿನವರೆಗೆ ನಿಲ್ಲುತ್ತದೆಯೇ? ಬರಿಯ ನೀರಿನ ಚೀಲ ಇಟ್ಟು, ಡಬ್ಬಿಯನ್ನು ಬಿಸಿಲಿನ ಬಸ್ಸುಗಳಲ್ಲಿ ಹಡಗಲಿಗೂ ಹಂಪಸಾಗರಕ್ಕೂ ಸುತ್ತಾಡಿಸಿ ನೋಡಿದೆ. ಉಷ್ಣಮಾಪಕದ ಪಾದರಸ ಸ್ವಲ್ಪ ಏರಿತು, ಹೆಚ್ಚು ಏರಲಿಲ್ಲ.

ಕೊಟ್ಟೂರಿನ ಕುಂಬಾರರಿಂದ ಐದು ಗಡಿಗೆ ತಂದೆ, ಊರಿಗೊಂದು. ಹರಪನಹಳ್ಳಿಯ ಸಿಸ್ಟರ್ ಗಡಿಗೆ ನೋಡಿ, "ಆಸ್ಪತ್ರೆಗೆ ಹೊಸ ಗಡಿಗೆ ಹೊತ್ಕೊಂಡು ಬಂದಿದೀರಲ್ಲ ಸಾರ್, ಯಾರು ಹೋದ್ರು?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗು ಪೂರ್ತಿ ಬರಲಿಲ್ಲ.

ಕೊನೆಯ ಪ್ರೋಟೀನು ಯಾವ ರಕ್ತಕ್ಕೆ ಎಂದು ಕಾದುಕೊಂಡಿದ್ದ ದಿನ ಹಗರಿಬೊಮ್ಮನಹಳ್ಳಿಯಲ್ಲಿ ಹೆರಿಗೆಗೆ ಬಂದವರು ಬೈಕ್ ಮೆಕ್ಯಾನಿಕ್ ಒಬ್ಬರ ಹೆಂಡತಿ. ಜೊತೆಗೆ ಮೆಕ್ಯಾನಿಕ್‌ನ ತಾಯಿ, ಎತ್ತರದ ಮುದುಕಿ. ಕಸವನ್ನು ಮನೆಗೆ ಒಯ್ದು ಹೂಳಲು ಬಗಲಲ್ಲಿ ಒಂದು ಹೊಸ ಮಡಕೆ. ರಕ್ತ ಕೊಡಲು ಗಂಡ ಹೆಂಡತಿ ಒಪ್ಪಿದ್ದರು. ಅಜ್ಜಿ ಬಾಗಿಲಲ್ಲಿ ನಿಂತರು.

"ಕೂಸು ಬಂದ ಕೂಡ್ಲೆ ಬಳ್ಳಿ ಕೊಯ್ಯಬ್ಯಾಡ್ರಿ. ಕಸ ಬೀಳಲಿ."

ಕಸ ಬೀಳುವತನಕ ಕಾದರೆ ಬಳ್ಳಿಯಲ್ಲಿ ನಮಗೆ ಉಳಿಯುವುದು ಬಹಳ ಕಡಿಮೆ. ನಾನು ವಿವರಿಸಿದೆ. "ಅಜ್ಜಿ, ಕೂಸಿಗೇನೂ ಆಗಂಗಿಲ್ಲರಿ. ನಾವು ತಗೊಳ್ಳಾದು ಕಸದ ಕಡಿ ರಕ್ತ."

"ನೀ ಹೇಳಾದು ಖರೇನ ಇರಬೇಕು ತಮ್ಮಾ. ಆದ್ರ ಅದರ ಪಾಲು ಅದು ಕುಡದು ಮುಗಸಲಿ. ಊಟಕ್ಕ ಕುಂತ ಹುಡುಗರ ಮುಂದಿನ ಗಂಗಾಳ ಎತ್ತತಾರೇನು?"

ಸಿಸ್ಟರ್ ನನ್ನ ಕಿವಿಯಲ್ಲಿ, "ಕಾಯ್ರಿ ಸಾರ್. ಇವರ ಮಾತು ಮೀರಿದ್ರ ನನ್ನ ಗಾಡಿ ಊರಾಗ ಎಲ್ಲೂ ರಿಪೇರಿ ಆಗಂಗಿಲ್ಲ" ಎಂದರು. ಡಾಕ್ಟರಿಗೂ ಕಾಯುವುದರಲ್ಲಿ ತೊಂದರೆ ಕಾಣಲಿಲ್ಲ. ಕಾದೆವು. ಹೆಣ್ಣುಮಗು. ಕಸ ಬಿದ್ದ ಮೇಲೆ ಬಳ್ಳಿ ಕತ್ತರಿಸಿದರು. ಕಸವನ್ನು ಸ್ಟೀಲ್ ತಟ್ಟೆಯಲ್ಲಿಟ್ಟು ಎತ್ತರಕ್ಕೆ ಹಿಡಿದು ಬಳ್ಳಿಯನ್ನು ಕೆಳಗೆ ಇಳಿಬಿಟ್ಟು ಸೂಜಿ ಚುಚ್ಚಿದೆವು. ರಕ್ತ ನಿಧಾನಕ್ಕೆ ಇಳಿಯಿತು, ಬೇಗ ನಿಂತಿತು. ಚೀಲದ ತಳ ಮುಚ್ಚುವಷ್ಟು.

ಅಜ್ಜಿ ಕಸವನ್ನು ಮಡಕೆಗೆ ಹಾಕಿಸಿಕೊಂಡು, ನಾನು ಗಡಿಗೆಯಿಂದ ನೀರಿನ ಪ್ಯಾಕು ತೆಗೆಯುವುದನ್ನು ನೋಡಿದರು. "ನಿನಗೂ ಗಡಿಗಿ, ನನಗೂ ಗಡಿಗಿ," ಎಂದರು. "ಒಯ್ಯಿ. ಆದ್ರ ಒಂದು ಮಾತು. ಅದು ಏನಾತು ಅಂತ ಬಂದು ಹೇಳಬೇಕು. ಸತ್ತರ ಸತ್ತೈತಿ ಅನ್ನು. ಹೇಳದ ಹೋಗಬ್ಯಾಡ."

ಬಂದು ಹೇಳುತ್ತೇನೆ ಎಂದೆ. ಯಾರೂ ಅದುವರೆಗೆ ಅದನ್ನು ಕೇಳಿರಲಿಲ್ಲ.

ಅದೇ ಮಧ್ಯಾಹ್ನ ಹಡಗಲಿಯಿಂದ ನಾನಿದ್ದಲ್ಲಿಗೇ ಇನ್ನೊಂದು ಡಬ್ಬಿ ಬಂತು, ಮಲ್ಲಿಗೆಯ ಬುಟ್ಟಿಗಳಿದ್ದ ಬಸ್ಸಿನಲ್ಲಿ. ಕಂಡಕ್ಟರ್ ಅದನ್ನು ಕೆಳಗೆ ಕೊಡುತ್ತ, "ಇದರಾಗೂ ಹೂವೇನ್ರಿ?" ಎಂದ.

"ಅಲ್ಲ."

"ಅದಕ್ಕ ವಾಸನಿ ಇಲ್ಲ. ನಾ ಮೂಸಿ ನೋಡಿದ್ದೆ."

ಅಲ್ಲಿ ಹೂವಿನ ತೋಟದ ಮನೆಯೊಂದರ ಹೆರಿಗೆ. ಅದೂ ಹೆಣ್ಣುಮಗು. ನಾಳದಿಂದ ಸೂಜಿ ಜಾರಿ ಅರ್ಧಕ್ಕೇ ನಿಂತಿತೆಂದು ಸಿಸ್ಟರ್ ಚೀಟಿ ಕಳಿಸಿದ್ದರು. ಹೀಗೆ ನನ್ನ ಮುಂದೆ ಎರಡು ಚೀಲ, ಎರಡೂ ಕೊರತೆಯವು. ನಮ್ಮ ನಿಯಮದ ಪ್ರಕಾರ ಎರಡನ್ನೂ ಎಸೆಯಬೇಕು. ಬಸ್ ನಿಲ್ದಾಣದ ಪಕ್ಕದ ಎಸ್‌ಟಿಡಿ ಬೂತಿನಿಂದ ಮೇಡಂಗೆ ಫೋನ್ ಮಾಡಿದೆ. ಈ ಸಂಭಾಷಣೆಯನ್ನು ಎಷ್ಟೋ ಸಲ ಹೇಳಿ ಹೇಳಿ ನುಣುಪಾಗಿಸಿದ್ದೇನೆ. ಹೀಗೆಯೇ ಇತ್ತೆಂದು ಆಣೆ ಮಾಡಲಾರೆ.

"ಅಷ್ಟು ಕಡಿಮೆ ಇದ್ದರೆ ತರಬೇಡ. ಇನ್ನೊಂದು ಹೆರಿಗೆಗೆ ಕಾಯಿ."

"ಪ್ರೋಟೀನಿನ ಅವಧಿ ಮುಗಿಯುತ್ತಿದೆ ಮೇಡಂ. ಎರಡನ್ನೂ ಬೆರೆಸುತ್ತೇನೆ."

"ಎರಡು ಮಕ್ಕಳ ಕೋಶ ಒಂದೇ ತಟ್ಟೆಯಲ್ಲಿ? ಹೊಡೆದಾಡಿದರೆ?"

"ಅವಿನ್ನೂ ಹೊಡೆದಾಡಲು ಕಲಿತಿಲ್ಲ ಮೇಡಂ."

"ಕಲಿಸುವುದೇ ನಿನ್ನ ಪ್ರಯೋಗ. ಕಲಿತ ಮೇಲೆ?"

"ಅಷ್ಟು ಹೊತ್ತಿಗೆ ಒಟ್ಟಿಗೆ ಬೆಳೆದಿರುತ್ತವೆ."

"ಅದು ವಿಜ್ಞಾನ ಅಲ್ಲ, ಆಸೆ," ಎಂದರು. ಬೇಡ ಎನ್ನಲಿಲ್ಲ. ಅಥವಾ ಎಂದಿದ್ದರೋ, ಲೈನು ಕಡಿದುಹೋಯಿತೋ. ಬೆರೆಸುವುದೆಂದು ನಾನು ಬೂತಿನಲ್ಲೇ ನಿರ್ಧರಿಸಿ ಹೊರಬಂದೆ.

ಎರಡು ಡಬ್ಬಿಗಳನ್ನೂ ಕಾಲ ನಡುವೆ ಇಟ್ಟುಕೊಂಡು ಬೆಂಗಳೂರು ತಲುಪಿ, ನೇರ ಪ್ರಯೋಗಾಲಯಕ್ಕೆ ಹೋದೆ. ಒಂದು ಭಾರವಾದ ದ್ರವದ ಮೇಲೆ ರಕ್ತವನ್ನು ಕಲಕದಂತೆ ಪದರವಾಗಿ ಬಿಟ್ಟು, ತಿರುಗುವ ಯಂತ್ರಕ್ಕೆ ಹಾಕಿ, ಬ್ರೇಕ್ ಇಲ್ಲದೆ ತಾನಾಗಿ ನಿಲ್ಲುವತನಕ ಕಾಯಬೇಕು. ಬೇಗ ನಿಲ್ಲಿಸಿದರೆ ಪದರ ಕಲಕುತ್ತದೆ. ಕೊಳವೆ ಎತ್ತಿದೆ. ಮೇಲೆ ಹುಲ್ಲಿನ ಬಣ್ಣದ ತಿಳಿ. ತಳದಲ್ಲಿ ಕೆಂಪು. ನಡುವೆ ಮಂಜಿನಂಥ ತೆಳು ಬಿಳಿ ಗೆರೆ, ನಮಗೆ ಬೇಕಾದ ಕೋಶಗಳಿರುವುದು ಅಲ್ಲಿ. ನೀಲಿ ಹಾಕಿ ನೋಡಿದೆ. ನೀಲಿಯಾದವು ಅಲ್ಲೊಂದು ಇಲ್ಲೊಂದು, ಉಳಿದವೆಲ್ಲ ಬೆಳ್ಳಗೆ ಹೊಳೆಯುತ್ತಿದ್ದವು. ಗಡಿಗೆ ಗೆದ್ದಿತ್ತು.

ಎಳೆಕೋಶಗಳ ಮೈಮೇಲೆ ಮಾತ್ರ ಇರುವ ಒಂದು ಗುರುತಿಗೆ ಕಬ್ಬಿಣದ ಸೂಕ್ಷ್ಮ ಮಣಿಗಳನ್ನು ಅಂಟಿಸಿ, ಅಯಸ್ಕಾಂತದ ನಡುವೆ ಹರಿಸಿದರೆ ಅವು ಹಿಡಿದು ನಿಲ್ಲುತ್ತವೆ, ಉಳಿದವು ತೊಳೆದು ಹೋಗುತ್ತವೆ. ಎರಡು ಊರಿನವನ್ನೂ ಒಂದು ಕೊಳವೆಗೆ ಸುರಿದೆ. ದೊಡ್ಡ ಬಾಟಲಿಯಲ್ಲಿ ಅವು ದಿಕ್ಕಾಪಾಲಾಗುತ್ತವೆ ಎಂದು, ಒಂದಕ್ಕೊಂದು ತಾಗುವಷ್ಟು ಒತ್ತಾಗಿ ಸಣ್ಣ ಗುಳಿಗಳ ತಟ್ಟೆಯಲ್ಲಿ ಹಾಕಿದೆ. ಕೊನೆಯ ಪ್ರೋಟೀನು ಸೇರಿಸಿ, ಮೈಶಾಖದ ಪೆಟ್ಟಿಗೆಯಲ್ಲಿಟ್ಟು ಬಾಗಿಲು ಮುಚ್ಚಿದೆ.

ಆಮೇಲಿನ ವಾರಗಳಲ್ಲಿ ಮಾಡುವುದು ಹೆಚ್ಚಿಲ್ಲ. ಹಳೆಯ ದ್ರವದ ಅರ್ಧ ತೆಗೆದು ಹೊಸ ಅರ್ಧ ಹಾಕಬೇಕು. ಪೂರ್ತಿ ತೆಗೆದರೆ ಕೋಶಗಳು ತಾವೇ ಸುರಿಸಿಕೊಂಡ ಸತ್ವವೂ ಹೋಗುತ್ತದೆ. ಮೊದಲು ಅವು ದ್ವಿಗುಣವಾದವು, ಆಮೇಲೆ ಬೇರೆ ಬೇರೆ ದಾರಿ ಹಿಡಿದವು. ಹೆಚ್ಚಿನವು ತಳಕ್ಕೆ ಅಂಟಿ, ತಟ್ಟಿದ ರೊಟ್ಟಿಯ ಹಾಗೆ ಹರಡಿಕೊಂಡು, ನುಂಗುವ ಕೋಶಗಳಾದವು. ನನಗೆ ಬೇಕಾದ ಕಾವಲುಕೋಶ ತಳಕ್ಕೆ ಅಂಟುವುದಿಲ್ಲ, ಗುಂಡಗಿರುತ್ತದೆ. ಅಂಥದ್ದು ಒಂದೂ ಕಾಣಲಿಲ್ಲ. ಹಿರಿಯ ಸಹೋದ್ಯೋಗಿಯೊಬ್ಬರು ಇಣುಕಿ ನೋಡಿ, "ದಾರಿ ತಪ್ಪಿವೆ, ಎಸೆದುಬಿಡು" ಎಂದರು. ಎಸೆಯಲಿಲ್ಲ. ಅದಕ್ಕೆ ಕಾರಣ ಕೊಡಬಲ್ಲೆ, ಅಂಟಿದ ಕೋಶಗಳು ಉಳಿದವಕ್ಕೆ ನೆರವಾಗಬಹುದು ಎಂದು ಆಗಲೇ ಯೋಚಿಸಿದ್ದೆ ಎನ್ನಬಹುದು. ಪ್ರಬಂಧದಲ್ಲಿ ಹಾಗೆಯೇ ಬರೆದಿದ್ದೇನೆ. ಆ ದಿನ ನನ್ನ ತಲೆಯಲ್ಲಿ ಇದ್ದದ್ದು, ಸತ್ತರೆ ಸತ್ತಿದೆ ಎನ್ನು ಎಂದಿದ್ದ ಅಜ್ಜಿಯ ಮಾತು. ಇವು ಇನ್ನೂ ಸತ್ತಿರಲಿಲ್ಲ.

ಒಂದು ಬೆಳಿಗ್ಗೆ ಗುಳಿಯ ಅಂಚಿನಲ್ಲಿ ಜೋಳದ ಕಾಳಿನಂತೆ ಗುಂಡಗೆ ಹೊಳೆಯುವ ನಾಲ್ಕಾರು ಕೋಶಗಳು ಕಂಡವು. ಮುಂದಿನ ವಾರ ಅವು ಗುಂಪಾದವು. ಕಾವಲುಕೋಶಕ್ಕೆ ಮಾತ್ರ ಹತ್ತುವ ಹೊಳೆಯುವ ಬಣ್ಣ ಅವಕ್ಕೆ ಹತ್ತಿತು. ಉಳಿದದ್ದು ಕೊನೆಯ ಪರೀಕ್ಷೆ. ರಕ್ತದ ಕ್ಯಾನ್ಸರಿನ ಕೋಶಗಳಿಗೆ ವಿಕಿರಣದ ಗುರುತು ತುಂಬಿ, ಇವುಗಳ ಜೊತೆ ಬಿಡಬೇಕು. ಕ್ಯಾನ್ಸರ್ ಕೋಶ ಒಡೆದರೆ ಗುರುತು ಹೊರಗಿನ ದ್ರವಕ್ಕೆ ಬರುತ್ತದೆ, ಯಂತ್ರ ಅದನ್ನು ಎಣಿಸುತ್ತದೆ. ನನ್ನಲ್ಲಿದ್ದ ಕಾವಲುಕೋಶಗಳನ್ನೆಲ್ಲ ಅದಕ್ಕೇ ಸುರಿದೆ. ಹಿಂದಿಟ್ಟುಕೊಳ್ಳುವಷ್ಟು ಇರಲಿಲ್ಲ.

ಯಂತ್ರದಿಂದ ಕಾಗದ ಬರುವಾಗ ಮೇಡಂ ಬಂದು ಪಕ್ಕದಲ್ಲಿ ನಿಂತರು. ಕಾವಲುಕೋಶ ಹಾಕದ ಗುಳಿಗಳ ಅಂಕಿ ಕೆಳಗೇ ಇತ್ತು. ಹಾಕಿದ ಗುಳಿಗಳದ್ದು ಏರಿತ್ತು. ಹೆಚ್ಚು ಹಾಕಿದಲ್ಲಿ ಇನ್ನೂ ಏರಿತ್ತು.

"ಇದು ನಿಮ್ಮ ಊರಿನದಾ?"

"ಎರಡು ಊರಿನದು ಮೇಡಂ."

ಅವರು ಕಾಗದವನ್ನು ಇನ್ನೊಮ್ಮೆ ಮೇಲಿಂದ ಓದಿ, "ಹೊಸ ಖೇಪು ತರಿಸುತ್ತೇನೆ, ಇನ್ನೊಂದು ಸಲ ಮಾಡು" ಎಂದರು. ಆ ಮಾತು ಕೇಳಿದ ಸುಖವನ್ನು ನನ್ನ ನೆನಪು ಎಷ್ಟೇ ಕೆಡಿಸಿದರೂ ಪೂರ್ತಿ ಕೆಡಿಸಲಾರದು. ಮುಂದೆ ಐದೂ ಆಸ್ಪತ್ರೆಗಳಿಂದ ಚೀಲಗಳು ಬಂದವು, ಜೀವಂತ ಬಂದವು. ಬೇರೆ ಬೇರೆಯಾಗಿ ಬೆಳೆಸಿದವೂ ಕಾವಲುಕೋಶ ಕೊಟ್ಟವು, ಆದರೆ ಮೊದಲಿನಷ್ಟು ಹುರುಪಾಗಿ ಅಲ್ಲ. ನಮ್ಮ ಪ್ರಬಂಧದ ವಿಧಾನದ ಭಾಗದಲ್ಲಿ, ಮಣ್ಣಿನ ಪಾತ್ರೆಯ ನೀರಿನಲ್ಲಿ ತಂಪು ಮಾಡಿದ ಪ್ಯಾಕುಗಳು ಎಂದು ಅರ್ಧ ಸಾಲು ಇದೆ. ಮೇಡಂ ಅದನ್ನು ಒಮ್ಮೆ ಹೊಡೆದುಹಾಕಿದ್ದರು, ಆಮೇಲೆ ತಾವೇ ಮತ್ತೆ ಬರೆದರು. ಆ ಅರ್ಧ ಸಾಲು ನಾನು ಬರೆದ ಉಳಿದೆಲ್ಲದಕ್ಕಿಂತ ನನಗೆ ಹೆಚ್ಚು.

ಮಾತು ಕೊಟ್ಟಿದ್ದೆನಲ್ಲ. ಹಗರಿಬೊಮ್ಮನಹಳ್ಳಿಗೆ ಹೋದಾಗ ಗ್ಯಾರೇಜಿನ ಹಿಂದಿನ ಮನೆಯಲ್ಲಿ ಮಗು ಗೋಡೆ ಹಿಡಿದು ನಡೆಯುತ್ತಿತ್ತು.

"ಬಂದ್ಯಾ?" ಎಂದರು ಅಜ್ಜಿ. "ಹೋದಾಂವ ಹೋದ ಅಂತ ತಿಳಕೊಂಡಿದ್ದೆ. ಏನಾತು?"

ಹೇಳಿದೆ. ಆ ರಕ್ತದ ಎಳೆಕೋಶಗಳು ಬೆಳೆದು ಸಿಪಾಯಿಗಳಾದವು, ಕ್ಯಾನ್ಸರಿನ ಕೋಶ ಕೊಂದವು ಎಂದೆ.

"ಅಂದ್ರ ನಮ್ಮ ಕೂಸಿನ ಸಿಪಾಯಿಗಳು."

"ಇರಬಹುದು ಅಜ್ಜಿ. ಹಡಗಲಿ ಕೂಸಿನವೂ ಅದರಾಗ ಬೆರಸಿದ್ವಿ. ಯಾರವು ಬೆಳದ್ವು ಅಂತ ಗೊತ್ತಿಲ್ಲ."

"ಇಷ್ಟು ಓದಿ ಅದೊಂದು ಗೊತ್ತಿಲ್ಲೇನು? ಅವರಿಗೂ ಹೋಗಿ ಹೇಳಿದ್ಯಾ?"

"ಹೇಳಿ ಬಂದೆ."

"ಏನಂದ್ರು?"

"ನಮ್ಮವೇ ಅಂದ್ರು."

ಅಜ್ಜಿ ನಕ್ಕರು. "ಅನ್ನಲಿ ಬಿಡು," ಎಂದರು. "ನಮ್ಮವೇ."

ಈ ಭಾಗ ಕೇಳಿದ ಗೆಳೆಯರು ಇದಕ್ಕೊಂದು ನೀತಿ ಅಂಟಿಸಲು ಹೊರಡುತ್ತಾರೆ. ನನಗೆ ನೀತಿ ಬೇಡ, ಉತ್ತರ ಬೇಕಿತ್ತು. ಎರಡರಲ್ಲಿ ಒಂದು ಗಂಡುಮಗುವಾಗಿದ್ದರೆ ಸುಲಭದ ಪರೀಕ್ಷೆಯಲ್ಲೇ ತಿಳಿಯುತ್ತಿತ್ತು. ಎರಡೂ ಹೆಣ್ಣು. ಬೇರೆ ಪರೀಕ್ಷೆಗಳಿದ್ದವು, ಆದರೆ ಅವಕ್ಕೆ ಸಾಕಾಗುವಷ್ಟು ಕೋಶಗಳು ಉಳಿದಿರಲಿಲ್ಲ. ಆ ಸಲ ಅವು ಅಷ್ಟು ಹುರುಪಾಗಿ ಬೆಳೆದದ್ದು ಬೆರೆಸಿದ್ದರಿಂದಲೋ, ಒತ್ತಾಗಿ ಹಾಕಿದ್ದರಿಂದಲೋ, ಎಸೆಯದೆ ಬಿಟ್ಟದ್ದರಿಂದಲೋ ಹೇಳಲಾರೆ, ಎಲ್ಲವನ್ನೂ ಒಟ್ಟಿಗೇ ಬದಲಿಸಿದ್ದೆ. ಒಂದೇ ಗುಳಿಯ ಎರಡು ಎಳೆಕೋಶಗಳಲ್ಲಿ ಒಂದು ಏಕೆ ತಳಕ್ಕೆ ಅಂಟಿತು, ಇನ್ನೊಂದು ಏಕೆ ಕಾವಲಿಗೆ ನಿಂತಿತು ಎಂಬುದೂ ನನಗೆ ತಿಳಿಯಲಿಲ್ಲ. ಅವು ಬೆಳೆದವು, ಕೊಂದವು. ಯಾರವು ಎಂದು ನನಗೆ ಗೊತ್ತಿಲ್ಲ.